ಯೂಸರ್ ಎಲ್ಲಿದ್ದಾರೆ ಸ್ವಾಮಿ?

ಫೈನಲ್ ಇಯರ್ ಪ್ರಾಜೆಕ್ಟ್‌ಗಳ ಪಿಪಿಟಿ ಯಾವುದಾದರೂ ತೆರೆದು ನೋಡಿ. ಮೂರನೆಯದೋ ನಾಲ್ಕನೆಯದೋ ಸ್ಲೈಡಿನಲ್ಲಿ ಒಬ್ಬ ರಮೇಶ್ ಸಿಕ್ಕೇ ಸಿಗ್ತಾರೆ. ವಯಸ್ಸು 45, ಕಸುಬು ಬೇಸಾಯ, ಸ್ಮಾರ್ಟ್‌ಫೋನ್ ಇದೆ, ಇಂಗ್ಲಿಷ್ ಅಷ್ಟಾಗಿ ಬರಲ್ಲ. ಪಕ್ಕದಲ್ಲಿ ನೆಟ್‌ನಿಂದ ಇಳಿಸಿಕೊಂಡ, ಪೇಟ ಸುತ್ತಿದವರ ಒಂದು ಫೋಟೊ. ಇದಕ್ಕೆ ಪರ್ಸೋನಾ ಅಂತ ಹೆಸರು. ಎಕ್ಸ್‌ಟರ್ನಲ್ ಕೇಳಿದರೆ "ಯುಎಕ್ಸ್ ರಿಸರ್ಚ್ ಮಾಡಿದೀವಿ ಸರ್" ಅನ್ನೋ ಉತ್ತರ ರೆಡಿ. ಆದರೆ ಈ ರಮೇಶ್ ಹುಟ್ಟಿದ್ದು ಹಾಸ್ಟೆಲ್ ರೂಮಿನಲ್ಲಿ, ಸಬ್‌ಮಿಷನ್ ಹಿಂದಿನ ರಾತ್ರಿ. ಅವರು ಆ್ಯಪ್‌ನಲ್ಲಿ ಎಲ್ಲೂ ತಡವರಿಸುವುದಿಲ್ಲ, ಯಾವ ಬಟನ್ ನೋಡಿಯೂ ಗಲಿಬಿಲಿ ಆಗುವುದಿಲ್ಲ. ಆಗೋದಾದರೂ ಹೇಗೆ? ಅವರು ಇಲ್ಲವೇ ಇಲ್ಲ!

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ನಿಜವಾಗಿ ಬಳಸಬೇಕಾದ ಐದು ಜನರನ್ನು ಕೂರಿಸಿ, ಅವರ ಕೈಗೆ ಫೋನ್ ಕೊಟ್ಟು, ಅವರು ಏನು ಮಾಡ್ತಾರೆ ಅಂತ ನೋಡದ ಯಾವ ಟೀಮೂ ರಿಪೋರ್ಟಿನಲ್ಲಿ 'ಯುಎಕ್ಸ್' ಅನ್ನೋ ಪದ ಬರೆಯಬಾರದು.

ಪರ್ಸೋನಾ ಕೆಟ್ಟ ಪದ್ಧತಿ ಅಂತ ನಾವು ಹೇಳುತ್ತಿಲ್ಲ. ಅಲನ್ ಕೂಪರ್ 1990ರ ದಶಕದ ಕೊನೆಯಲ್ಲಿ ಅದನ್ನು ಜನಪ್ರಿಯಗೊಳಿಸಿದಾಗ ಅದರ ಹಿಂದೆ ನಿಜವಾದ ಜನರ ಜೊತೆಗಿನ ಮಾತುಕತೆ ಇತ್ತು. ಹತ್ತಾರು ಮಂದಿಯಿಂದ ತಿಳಿದದ್ದನ್ನು ಒಬ್ಬರ ಹೆಸರಿನಲ್ಲಿ ಕಟ್ಟಿಡುವುದು ಪರ್ಸೋನಾ. ಯಾರನ್ನೂ ಕೇಳದೆ ಬರೆದರೆ ಅದು ಕಥೆ. ಕಥೆ ಬರೆಯೋಕೆ ನಮ್ಮ ಪತ್ರಿಕೆಯಲ್ಲೇ ಬೇರೆ ವಿಭಾಗ ಇದೆ.

ಇದು ಹೊಸ ಮಾತೂ ಅಲ್ಲ. 'ಯೂಸರ್ ಎಕ್ಸ್‌ಪೀರಿಯನ್ಸ್' ಅನ್ನೋ ಹೆಸರು ಚಲಾವಣೆಗೆ ಬಂದದ್ದು 1990ರ ದಶಕದಲ್ಲಿ, ಡಾನ್ ನಾರ್ಮನ್ ಆ್ಯಪಲ್‌ನಲ್ಲಿದ್ದಾಗ. ಅದಕ್ಕೂ ಮುಂಚೆ, 1985ರಲ್ಲೇ, ಐಬಿಎಂನ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಮೂರು ಸೂತ್ರ ಹೇಳಿದ್ದರು: ಮೊದಲಿನಿಂದಲೇ ಬಳಸುವವರನ್ನೂ ಅವರ ಕೆಲಸವನ್ನೂ ಅರಿಯಿರಿ, ಬಳಸುವುದನ್ನು ಕಣ್ಣಾರೆ ನೋಡಿ ಅಳೆಯಿರಿ, ತಿದ್ದಿ ಮತ್ತೆ ಪರೀಕ್ಷಿಸಿ. "ಇದರಲ್ಲೇನಿದೆ, ಎಲ್ಲರಿಗೂ ಗೊತ್ತಿರೋದೇ" ಅನ್ನಿಸುತ್ತೆ ಅಲ್ವಾ? ಅವರೂ ಅದನ್ನೇ ಬರೆದಿದ್ದರು. ಎಲ್ಲರೂ ಗೊತ್ತು ಅಂತಾರೆ, ಆದರೆ ಸಿಸ್ಟಮ್ ಕಟ್ಟುವ ಹಂತಗಳನ್ನು ಪಟ್ಟಿ ಮಾಡಿ ಅಂದರೆ ಈ ಮೂರನ್ನೂ ಬರೆಯುವವರು ಕಡಿಮೆ. ನಲವತ್ತು ವರ್ಷವಾದರೂ ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಅದೇ ಪರಿಸ್ಥಿತಿ.

ಐದೇ ಜನ ಸಾಕಾ? ಇಲ್ಲಿ ಒಂದು ಲೆಕ್ಕ ಇದೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟದ್ದು. ಒಂದು ತೊಂದರೆ ಒಬ್ಬ ಬಳಕೆದಾರರಿಗೆ ಎದುರಾಗುವ ಸಂಭವನೀಯತೆ ಸರಾಸರಿ ಶೇ. 31 ಅಂತ ಅವರು ತಾವು ನೋಡಿದ ಪ್ರಾಜೆಕ್ಟುಗಳಲ್ಲಿ ಕಂಡುಕೊಂಡರು. ಹಾಗಾದರೆ ಐದು ಜನರಲ್ಲಿ ಯಾರಿಗೂ ಎದುರಾಗದೆ ಉಳಿಯುವ ಸಂಭವ 0.69ರ ಐದನೇ ಘಾತ, ಅಂದರೆ ಸುಮಾರು 0.16. ಉಳಿದ ಶೇ. 84ರಷ್ಟು ತೊಂದರೆಗಳು ಐದೇ ಜನರಿಂದ ಬಯಲಾಗುತ್ತವೆ.

ಆದರೆ ಈ ಸಂಖ್ಯೆಯನ್ನು ಮಂತ್ರದ ಹಾಗೆ ಜಪಿಸಬೇಡಿ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಎದುರಾಗುವ ತೊಂದರೆ ಆದರೆ, ಅದೇ ಸೂತ್ರದ ಪ್ರಕಾರ ಐದು ಜನರಿಂದ ಅದು ಸಿಗುವ ಸಂಭವ ಶೇ. 41 ಅಷ್ಟೇ. ಜೊತೆಗೆ ಆ ಐದೂ ಜನ ನಿಮ್ಮ ಬೆಂಚಿನವರೇ ಆದರೆ ಲೆಕ್ಕವೇ ಬಿದ್ದುಹೋಗುತ್ತದೆ. ರೈತರ ಆ್ಯಪ್ ಅನ್ನು ಸಿಎಸ್ ಬ್ರಾಂಚಿನ ಐದು ಗೆಳೆಯರಿಗೆ ಕೊಟ್ಟರೆ, ಸಿಎಸ್ ಬ್ರಾಂಚಿನವರಿಗೆ ಏನು ಗೊತ್ತಾಗಲ್ಲ ಅನ್ನೋದು ಮಾತ್ರ ಗೊತ್ತಾಗುತ್ತೆ.

ನೋಡುವ ವಿಧಾನ ಸುಲಭ, ಸುಮ್ಮನಿರೋದೇ ಕಷ್ಟ. ಇದನ್ನು 'ಥಿಂಕ್ ಅಲೌಡ್' ಅಂತಾರೆ. ಮೊದಲು ಒಪ್ಪಿಗೆ ಕೇಳಿ. "ಪರೀಕ್ಷೆ ಆ್ಯಪ್‌ಗೆ, ನಿಮಗಲ್ಲ" ಅಂತ ಹೇಳಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಇರಿ ಅನ್ನಿ. ಆಮೇಲೆ ಒಂದು ಕೆಲಸ ಕೊಡಿ. ಮೆಸ್ ಆ್ಯಪ್ ಅಂದುಕೊಳ್ಳೋಣ. "ನಾಳಿನ ಊಟ ಕ್ಯಾನ್ಸಲ್ ಮಾಡಿ" ಅಂದರೆ ಮುಗಿಯಿತು, ಅವರು ಕ್ಯಾನ್ಸಲ್ ಅಂತ ಬರೆದಿರುವ ಬಟನ್ ಹುಡುಕಿ ಒತ್ತುತ್ತಾರೆ. ಉತ್ತರವನ್ನು ಪ್ರಶ್ನೆಯಲ್ಲೇ ಕೊಟ್ಟ ಹಾಗಾಯಿತು. "ನಾಳೆ ನೀವು ಊರಿಗೆ ಹೋಗ್ತಿದ್ದೀರಿ, ಊಟದ ದುಡ್ಡು ಕಟ್ ಆಗಬಾರದು, ಏನ್ ಮಾಡ್ತೀರಿ?" ಅನ್ನಿ. ಈಗ ಅವರ ಬೆರಳು ಎಲ್ಲಿ ನಿಲ್ಲುತ್ತೆ, ಎಷ್ಟು ಸಲ ಹಿಂದಕ್ಕೆ ಬರುತ್ತೆ ಬರೆದುಕೊಳ್ಳಿ. "ಅಲ್ಲಿ ಅಲ್ಲ ಅಂಕಲ್, ಮೇಲೆ ಮೂರು ಗೆರೆ ಇದೆಯಲ್ಲ…" ಅಂತ ಬಾಯಿ ಹಾಕಬೇಡಿ. ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡವರ ಪಕ್ಕದಲ್ಲಿ ನೀವು ಕೂತಿರಲ್ಲ.

ಕೋಡ್ ಬರೆದಾದ ಮೇಲೇ ಇದನ್ನು ಮಾಡಬೇಕು ಅಂತೇನೂ ಇಲ್ಲ. ಎ4 ಹಾಳೆಯಲ್ಲಿ ಸ್ಕ್ರೀನ್‌ಗಳನ್ನು ಬರೆದು, ಅವರು ಬೆರಳಿಟ್ಟ ಕಡೆಗೆ ತಕ್ಕ ಹಾಳೆ ಎದುರಿಗಿಟ್ಟರೂ ಸಾಕು. ಹಾಳೆ ಹರಿದು ಹಾಕೋಕೆ ಯಾರಿಗೂ ಹೊಟ್ಟೆ ಉರಿಯಲ್ಲ, ಎರಡು ತಿಂಗಳ ಕೋಡ್ ತೆಗೆದು ಹಾಕೋಕೆ ಉರಿಯುತ್ತೆ.

ನಮ್ಮದು ಕನ್ನಡದ ಸಂಘ, ಹಾಗಾಗಿ ಈ ವಿಷಯ ನಮಗೆ ಇನ್ನೂ ಹತ್ತಿರದ್ದು. ಆ್ಯಪ್‌ಗೆ ಕನ್ನಡ ಬೇಕು ಅಂದಾಗ ಆಗೋದೇನು? ಇಂಗ್ಲಿಷ್ ಪದಗಳನ್ನು ಟ್ರಾನ್ಸ್‌ಲೇಟರ್‌ಗೆ ಹಾಕಿ ಹೊರಗೆ ತೆಗೆಯೋದು. ಬಸ್ ಟಿಕೆಟ್ 'ಬುಕ್' ಮಾಡುವ ಬಟನ್ 'ಪುಸ್ತಕ' ಆಗುತ್ತೆ, ಮುಖಪುಟ 'ಮನೆ' ಆಗುತ್ತೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಬಟನ್‌ನಲ್ಲಿ 'ರಾಷ್ಟ್ರ', 'ಸ್ತ್ರೀ' ಅಂತ ಬರೆದರೆ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ಫಾರ್ಮ್‌ನಲ್ಲಿ 'ಲಾಸ್ಟ್ ನೇಮ್' ಕಡ್ಡಾಯ ಅಂತ ಕೆಂಪು ನಕ್ಷತ್ರ. ಇನಿಶಿಯಲ್ ಮಾತ್ರ ಇರುವ ನಮ್ಮ ಅರ್ಧ ಕ್ಲಾಸು ಅಲ್ಲಿ ಏನು ತುಂಬಬೇಕು? ಇವು ಯಾವುದೂ ರಮೇಶ್ ಸ್ಲೈಡಿನಲ್ಲಿ ಕಾಣಲ್ಲ. ಕನ್ನಡ ಓದುವ ಒಬ್ಬರು ಎದುರಿಗೆ ಕೂತರೆ ಎರಡು ನಿಮಿಷದಲ್ಲಿ ಕಾಣುತ್ತವೆ.

"ಜನಕ್ಕೆ ಟೆಕ್ನಾಲಜಿ ಗೊತ್ತಾಗಲ್ಲ, ನಾವೇನ್ ಮಾಡೋದು" ಅನ್ನುವವರೂ ಇದ್ದಾರೆ. ತಳ್ಳಬೇಕಾದ ಬಾಗಿಲಿಗೆ ಎಳೆಯುವ ಹಿಡಿ ಹಾಕಿ, ಎಳೆದವರನ್ನು ದಡ್ಡರು ಅಂದರೆ ಹೇಗೆ? ತಪ್ಪು ಬಾಗಿಲಿನದು ಅಂತ ನಾರ್ಮನ್ 1988ರ ತಮ್ಮ ಪುಸ್ತಕದಲ್ಲೇ ವಾದಿಸಿದ್ದರು. ನಾವು ಅವರ ಪಕ್ಷ.

ಇನ್ನು ಕೆಲವರ ತಕರಾರು ನ್ಯಾಯವಾದದ್ದೇ: ಟೈಮಿಲ್ಲ, ಇದಕ್ಕೆ ಮಾರ್ಕ್ಸೂ ಇಲ್ಲ. ಟೈಮಿನ ಮಾತಿಗೆ ಬಂದರೆ, ಒಬ್ಬರಿಗೆ ಅರ್ಧ ಗಂಟೆ ಅಂದರೂ ಐದು ಜನಕ್ಕೆ ಎರಡೂವರೆ ಗಂಟೆ, ಒಂದು ಸಿನಿಮಾದಷ್ಟು. ಮಾರ್ಕ್ಸಿನ ಮಾತು ಮಾತ್ರ ನಿಜ. ಅದನ್ನು ನಾವಲ್ಲ, ವಿಭಾಗಗಳು ಸರಿಪಡಿಸಬೇಕು. "ಎಐಗೆ ಕೇಳಿದರೆ ಅದೇ ಯೂಸರ್ ಥರ ಉತ್ತರ ಕೊಡುತ್ತಲ್ಲ" ಅನ್ನುವವರಿಗೆ ಒಂದೇ ಮಾತು: ಅದು ಇನ್ನೂ ಚೆನ್ನಾಗಿ ಮಾತಾಡುವ ರಮೇಶ್, ಅಷ್ಟೇ.

ನಮ್ಮ ಬೇಡಿಕೆ ಎರಡು. ಒಂದು, ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಪರ್ಸೋನಾ ಸ್ಲೈಡಿನ ಬದಲು ಒಂದು ಪುಟ ಕಡ್ಡಾಯವಾಗಲಿ: ಯಾವ ಥರದ ಐದು ಜನರನ್ನು ಕೂರಿಸಿದ್ದಿರಿ, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡರು, ಅದರಿಂದ ನೀವು ಏನು ಬದಲಿಸಿದಿರಿ. ಹೆಸರು ಬೇಡ, ಫೋಟೊ ಬೇಡ. ಎರಡು, ಇದಕ್ಕೆ ರಿವ್ಯೂನಲ್ಲಿ ಐದಾದರೂ ಮಾರ್ಕ್ಸ್ ಇರಲಿ.

ಮಾರ್ಕ್ಸ್ ಬರುವ ತನಕ ಕಾಯಬೇಕಿಲ್ಲ. ಮೆಸ್‌ನ ಅಣ್ಣ ಇದ್ದಾರೆ, ಗೇಟಿನ ಸೆಕ್ಯುರಿಟಿ ಅಂಕಲ್ ಇದ್ದಾರೆ, ಲೈಬ್ರರಿ ಮೇಡಂ ಇದ್ದಾರೆ, ಭಾನುವಾರ ಫೋನ್ ಮಾಡುವ ಅಮ್ಮ ಇದ್ದಾರೆ. ಅವರ ಬಿಡುವು ಕೇಳಿ, ಫೋನ್ ಕೈಗೆ ಕೊಡಿ, ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ನೋಡಿ.