ಪೈಪ್ ಹಾಕಿ ಎಳೆಯೋ ಶೂರರಿಗೆ

(1/5)
ಸಿಲಿಂಡರ್ ಸ್ಟಡ್‌ಗೆ ವೈಸ್ ಗ್ರಿಪ್ ಕಚ್ಚಿಸಿ, ಅದರ ಹಿಡಿಗೆ ಮಾರುದ್ದ ಪೈಪ್ ತೂರಿಸಿ, ಹಲ್ಲು ಕಚ್ಚಿ ಎಳೆಯೋ ರೀಲ್ ನಮ್ಮ ಕ್ಲಾಸ್ ಗ್ರೂಪಲ್ಲಿ ಈ ವಾರ ಎಷ್ಟು ಸಲ ಬಂತು? ಕೊನೆಗೆ "ಟಕ್" ಅನ್ನುತ್ತೆ, ಹಿಂದೆ ಮಾಸ್ ಬಿಜಿಎಂ, ಕೆಳಗೆ ಬೆಂಕಿ ಎಮೋಜಿಗಳ ಸಾಲು. ಗುರೂ, ಆ ಟಕ್‌ನಲ್ಲಿ ಎರಡು ಥರ ಇದೆ. ಒಂದು ಸ್ಟಡ್ ಸಡಿಲ ಆಗಿದ್ದು, ಇನ್ನೊಂದು ಸ್ಟಡ್ ಮುರಿದಿದ್ದು. ಎರಡನೇದನ್ನ ಯಾರೂ ಅಪ್‌ಲೋಡ್ ಮಾಡಲ್ಲ.

ನನ್ನ ತಕರಾರು ಇಷ್ಟೇ: ಜಾಮ್ ಆದ ಸ್ಟಡ್‌ಗೆ ಬೇಕಿರೋದು ತೋಳ್ಬಲ ಅಲ್ಲ, ಬಿಸಿ ಮತ್ತು ಟೈಮ್. ಟೈಮ್ ಕೊಟ್ಟು ಕೆಲಸ ಮಾಡೋನನ್ನ "ಸ್ಲೋ ಪಾರ್ಟಿ" ಅಂತ ಗೇಲಿ ಮಾಡೋದು ಇವತ್ತಿಗೆ ಸಾಕು.

(2/5)
ಜಾಮ್ ಯಾಕಾಗುತ್ತೆ ನೋಡಿ. ಸ್ಟಡ್ ಉಕ್ಕಿಂದು, ಅದು ಕೂತಿರೋ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂದು. ಎರಡು ಬೇರೆ ಲೋಹಗಳ ಮಧ್ಯೆ ನೀರು, ಉಪ್ಪು ಸೇರಿದ್ರೆ ಪುಟ್ಟ ಬ್ಯಾಟರಿ ರೆಡಿ. ಅದರಲ್ಲಿ ಕರಗೋದು ಅಲ್ಯೂಮಿನಿಯಂ. ಆಗ ಹುಟ್ಟೋ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಥ್ರೆಡ್ ಸಂದಿಯಲ್ಲಿ ಜಾಗ ಎಲ್ಲಿದೆ? ಸಿಮೆಂಟ್ ಥರ ಕಚ್ಕೊಂಡು ಕೂರುತ್ತೆ. ಕರಾವಳಿಯಲ್ಲಿ ಓಡಿದ, ಮಳೆಗಾಲ ಪೂರ್ತಿ ಹೊರಗೇ ನೆನೆದ ಗಾಡಿಗಳಲ್ಲಿ ಇದರ ಕಾಟ ಜಾಸ್ತಿ.

ನೀವು ಪೈಪ್ ಹಾಕಿ ಎಳೆದ್ರೆ ಆ ಸಿಮೆಂಟ್ ಬಿಡಲ್ಲ, ಸ್ಟಡ್‌ನ ಕತ್ತು ತಿರುಚಿಕೊಳ್ಳುತ್ತೆ. ಸ್ಪ್ಯಾನರ್ ಸಡಿಲಿಸಿದಾಗ ಸ್ಪ್ರಿಂಗ್ ಥರ ವಾಪಸ್ ಬಂತಾ? ಹಾಗಾದ್ರೆ ಅದು ಬಿಚ್ಚಿಕೊಳ್ತಾ ಇಲ್ಲ, ಮುರಿಯೋಕೆ ತಯಾರಾಗ್ತಿದೆ. ಅಲ್ಲೇ ನಿಲ್ಲಿಸಬೇಕು. ಈ ಸುದ್ದಿ ಬರೋದು ಅಂಗೈಗೆ. ಮಾರುದ್ದ ಪೈಪ್ ಅದನ್ನ ಅಂಗೈವರೆಗೆ ತಲುಪಿಸಲ್ಲ.

(3/5)
"ಮುರಿದ್ರೆ ಏನೀಗ, ಪಾರ್ಟ್ ಸಿಗುತ್ತೆ" ಅಂತ ಒಂದು ಕಾಮೆಂಟ್. ಯಾವ ಪಾರ್ಟ್ ಮಗಾ? ಯೆಜ್ಡಿ ತಯಾರಿಸ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದೂ ಅದೇ ವರ್ಷ. ನಿಮ್ಮ ಬೆಂಚ್ ಮೇಲಿರೋ ಆ ಹಳೇ ಕ್ರ್ಯಾಂಕ್‌ಕೇಸ್ ನಿಮಗಿಂತ ದೊಡ್ಡದು, ವಯಸ್ಸಲ್ಲಿ.

ಇನ್ನೊಂದು ವಿಷಯ. ಎಂಜಿನ್ ನಂಬರ್ ಹೊಡೆದಿರೋದು ಆ ಕೇಸ್ ಮೇಲೇನೇ, ಆರ್‌ಸಿಯಲ್ಲಿ ಇರೋದೂ ಅದೇ ನಂಬರ್. ಕೇಸ್ ಸೀಳಿ ಬೇರೆ ಹಾಕಿದ್ರೆ ಕಾಗದಕ್ಕೂ ಗಾಡಿಗೂ ತಾಳೆ ಆಗಲ್ಲ. ಆರ್‌ಟಿಒ ಒಪ್ಪಿಗೆ, ಆರ್‌ಸಿ ತಿದ್ದುಪಡಿ ಅಂತ ಅಲೆಯೋರು ಯಾರು? ಯಾರದೋ ತಾತ ಬಿಟ್ಟುಹೋದ ಗಾಡಿ ಅದು. ಓನರ್ "ಸಂಜೆಗೇ ಬೇಕು" ಅಂದಿರ್ತಾನೆ, ಮೇಸ್ತ್ರಿ ಅವಸರ ಮಾಡಿರ್ತಾನೆ, ಬೈಗುಳ ಮಾತ್ರ ಕೆಲಸ ಕಲಿಯೋಕೆ ಬಂದ ಹುಡುಗನಿಗೆ. ಆ ಹುಡುಗ ನಾಳೆ ನೀವೇ.

(4/5)
ಹಾಗಾದ್ರೆ ಏನ್ ಮಾಡ್ಬೇಕು? ಮೊದಲು ಕೇಳಿ: ಈ ಸ್ಟಡ್ ಬಿಚ್ಚಲೇಬೇಕಾ? ನೆಟ್ಟಗಿದ್ದು, ಥ್ರೆಡ್ ಚೆನ್ನಾಗಿದ್ರೆ ಅದರ ಪಾಡಿಗೆ ಬಿಡಿ. ಬ್ಲಾಕ್ ಬಿಚ್ಚಿದ ತಕ್ಷಣ ಸ್ಟಡ್‌ನೂ ಕೀಳೋದು ಚಟ, ರಿಪೇರಿ ಅಲ್ಲ.

ಬಿಚ್ಚಲೇಬೇಕು ಅಂದ್ರೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ನಡುನಡುವೆ ಸ್ಟಡ್ ತಲೆಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ತಟ್ಟಿ. ತಲೆಗೆ ಹಳೇ ನಟ್ ಹಾಕಿರಿ. ಮಾರನೇ ದಿನ ಆಯಿಲ್ ಪೂರ್ತಿ ಒರೆಸಿ, ಪೆಟ್ರೋಲ್ ಡಬ್ಬ ದೂರ ಇಟ್ಟು, ಸೀಲ್‌ಗಳನ್ನೆಲ್ಲ ತೆಗೆದು ಹೀಟ್ ಗನ್ ಹಿಡೀರಿ. ಶಾಖ ಸ್ಟಡ್‌ಗಲ್ಲ, ಸುತ್ತಲಿನ ಅಲ್ಯೂಮಿನಿಯಂಗೆ. ದೋಸೆ ಕಾವಲಿ ಮೇಲೆ ಚಿಮುಕಿಸಿದ ಹಾಗೆ ನೀರಿನ ಹನಿ ಚುಂಯ್ ಅನ್ನಬೇಕು.

ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತೆ. 8 ಮಿ.ಮೀ. ತೂತಿಗೆ 100 ಡಿಗ್ರಿ ಬಿಸಿ ಏರಿಸಿದ್ರೆ ಸ್ಟಡ್‌ಗಿಂತ ತೂತು ಸುಮಾರು 0.01 ಮಿ.ಮೀ. ಜಾಸ್ತಿ ಅಗಲ ಆಗುತ್ತೆ. ನಗಬೇಡಿ, ಆ ಸಿಮೆಂಟ್ ಬಿರುಕು ಬಿಡೋಕೆ ಎಷ್ಟೋ ಸಲ ಅಷ್ಟೇ ಸಾಕು. ಗ್ಯಾಸ್ ಟಾರ್ಚ್‌ನ ಒಂದೇ ಮೂಲೆಗೆ ಹಿಡಿಯೋ ಹುಚ್ಚು ಬೇಡ: ಅಲ್ಯೂಮಿನಿಯಂ ಕಬ್ಬಿಣದ ಥರ ಕೆಂಪಾಗಿ ಎಚ್ಚರಿಸಲ್ಲ, ಸೀದಾ ಕುಸಿಯುತ್ತೆ.

ಬಿಸಿ ಇದ್ದಾಗಲೇ ಎರಡು ನಟ್ ಒಂದಕ್ಕೊಂದು ಲಾಕ್ ಮಾಡಿ, ಕೆಳಗಿನ ನಟ್‌ಗೆ ಸ್ಪ್ಯಾನರ್ ಹಾಕಿ. ಮೊದಲು ಕೂದಲೆಳೆಯಷ್ಟು ಟೈಟ್, ಆಮೇಲೆ ಲೂಸ್. ಅಲುಗಾಡಿತಾ? ಆಯಿಲ್ ಬಿಡಿ, ಹಿಂದೆ ಮುಂದೆ ಆಡಿಸ್ತಾ ಆಡಿಸ್ತಾ ಹೊರಗೆ ತನ್ನಿ. ಆಗಲಿಲ್ವಾ? ತಣ್ಣಗಾಗಲಿ, ಮತ್ತೆ ಆಯಿಲ್, ಮತ್ತೆ ಬಿಸಿ. ಮೂರು ದಿನ ಹಿಡಿದ್ರೂ ಪರವಾಗಿಲ್ಲ. ವೈಸ್ ಗ್ರಿಪ್ ಥ್ರೆಡ್ ತಿನ್ನುತ್ತೆ; ಸ್ಟಡ್ ಹೇಗೂ ಬಿಸಾಡೋದು ಅಂದ್ರೆ ಮಾತ್ರ ಕೈಗೆತ್ತಿಕೊಳ್ಳಿ.

(5/5)
ಈಸಿ ಔಟ್ ಭಕ್ತರೇ, ನಿಮಗೊಂದು ಪ್ರಶ್ನೆ. 8 ಮಿ.ಮೀ. ಸ್ಟಡ್ಡೇ ತಿರುಗದೆ ಮುರೀತು. ಅದರೊಳಗೆ 4 ಮಿ.ಮೀ. ತೂತು ಕೊರೆದು, ಅದರಲ್ಲಿ ಹಿಡಿಸೋ ತೆಳ್ಳಗಿನ ಕಡ್ಡಿಯಿಂದ ಅದೇ ಸ್ಟಡ್ ತಿರುಗುತ್ತಾ? ಕಡ್ಡಿಯೂ ಮುರಿಯುತ್ತೆ, ಅದು ಎಷ್ಟು ಗಟ್ಟಿ ಅಂದ್ರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ. ಮೊದಲು ಒಂದು ಸಮಸ್ಯೆ, ಈಗ ಎರಡು. ತುಂಡು ಸ್ವಲ್ಪ ಹೊರಗಿದ್ರೆ ಒಳ್ಳೆ ವೆಲ್ಡರ್ ಹತ್ರ ಅದಕ್ಕೊಂದು ನಟ್ ವೆಲ್ಡ್ ಮಾಡಿಸಿ. ಅರ್ಧ ಕೆಲಸ ವೆಲ್ಡಿಂಗ್ ಶಾಖವೇ ಮಾಡುತ್ತೆ.

ಈಸಿ ಔಟ್ ಆಗಲೇ ಒಳಗೆ ಮುರಿದು ಕೂತಿದ್ರೆ ಒಂದು ಹಳೇ ದಾರಿ ಇದೆ. ಕಟಿಂಗ್ ಶಾಪಲ್ಲಿ ಶೇವಿಂಗ್ ಆದ್ಮೇಲೆ ಕೆನ್ನೆಗೆ ಉಜ್ತಾರಲ್ಲ, ಆ ಪಟಿಕ. ಅದನ್ನ ಬಿಸಿ ನೀರಲ್ಲಿ ಗಟ್ಟಿಯಾಗಿ ಕರಗಿಸಿ ತೂತಲ್ಲಿ ತುಂಬಿ, ಬಿಸಿಯಾಗೇ ಇಟ್ಟು, ಆಗಾಗ ಬದಲಿಸ್ತಾ ಇದ್ರೆ ದಿನಗಟ್ಟಲೆಯಲ್ಲಿ ಉಕ್ಕನ್ನ ನಿಧಾನಕ್ಕೆ ತಿನ್ನುತ್ತೆ, ಅಲ್ಯೂಮಿನಿಯಂಗೆ ಏನೂ ಮಾಡಲ್ಲ. ಬೇರಿಂಗು, ಗೇರು ಎಲ್ಲ ಮೊದಲೇ ತೆಗೆದಿರಿ. ಕರಗಿಸೋಕೆ ಅಮ್ಮನ ಸ್ಟೀಲ್ ಪಾತ್ರೆ ಮುಟ್ಟಬೇಡಿ, ಅದೂ ಉಕ್ಕೇ.