ಮೊದಲು ಕಂಠ, ಅನಂತರ ಯಂತ್ರ





ತಮ್ಮ ದೇಹವನ್ನೇ ವೀಣೆಯನ್ನಾಗಿ ಮಾಡಿ ನುಡಿಸೆಂದು ಸಂಗಮನಾಥನನ್ನು ಬೇಡಿಕೊಂಡ ಬಸವಣ್ಣನವರೇ, ಇನ್ನೊಂದು ವಚನದಲ್ಲಿ ತಾಳದ ಅಳತೆಯಾಗಲಿ ಗಣಗಳ ಎಣಿಕೆಯಾಗಲಿ ತಮಗೆ ತಿಳಿಯದೆಂದೂ ಒಲವು ನಡೆಸಿದ ಹಾಗೆ ಹಾಡುವುದಾಗಿಯೂ ಅರಿಕೆ ಮಾಡಿಕೊಳ್ಳುತ್ತಾರೆ. ಇದನ್ನು ಸಂಗೀತಶಾಸ್ತ್ರದ ನಿರಾಕರಣೆಯೆಂದು ಬಗೆಯಬೇಕಾಗಿಲ್ಲ. ಅಳತೆಯು ಭಕ್ತಿಯ ಸೇವಕನಾಗಿರಬೇಕು, ಒಡೆಯನಾಗಬಾರದು ಎಂಬುದೇ ಅದರ ತಾತ್ಪರ್ಯ. ಮನೆಯಲ್ಲಿಯೇ ಗಣಕಯಂತ್ರವನ್ನಿರಿಸಿಕೊಂಡು ವಚನಗಾಯನವನ್ನು ಮುದ್ರಿಸುವ ಈ ಕಾಲದಲ್ಲಿ ಆ ಮಾತನ್ನು ಮತ್ತೊಮ್ಮೆ ಮನನ ಮಾಡುವ ಅಗತ್ಯವಿದೆ.

ಹೊಸಪೇಟೆ, ಸಂಡೂರು, ಕಂಪ್ಲಿಯ ಕಡೆಯ ಯುವಭಕ್ತರು ಧ್ವನಿಮುದ್ರಣದ ಸಾಮಗ್ರಿ ಕೊಳ್ಳುವ ಮುನ್ನ ಕೀಬೋರ್ಡು ಮೊದಲೋ ಮೈಕು ಮೊದಲೋ ಎಂದು ಕೇಳುವುದುಂಟು. ನಮ್ಮ ಅಭಿಪ್ರಾಯ ಇಷ್ಟೇ: ಮೈಕು ಮೊದಲು. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಗಣಕಯಂತ್ರದೊಳಗೆ ಏನು ಹೋಗುತ್ತದೆಂಬುದನ್ನು ಅರಿಯಬೇಕು.

ಮೈಕು ಹಿಡಿದ ಕಂಠವನ್ನು ಆಡಿಯೋ ಇಂಟರ್‌ಫೇಸ್ ಎಂಬ ಚಿಕ್ಕ ಪೆಟ್ಟಿಗೆಯು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆದು, ಅಂಕಿಗಳನ್ನಾಗಿಸಿ, ಯುಎಸ್‌ಬಿ ತಂತಿಯ ಮೂಲಕ ಗಣಕಯಂತ್ರಕ್ಕೆ ಒಪ್ಪಿಸುತ್ತದೆ. ಅಲ್ಲಿ ಸೇರುವುದು ಹಾಡಿದವರ ದನಿಯೇ. ಕೀಬೋರ್ಡಿನಿಂದ ಬರುವ ಮಿಡಿ ಸಂಕೇತದ ಸಂಗತಿ ಬೇರೆ. 1983ರಲ್ಲಿ ಬಳಕೆಗೆ ಬಂದ ಈ ಪದ್ಧತಿಯಲ್ಲಿ ದನಿ ಇರುವುದಿಲ್ಲ. ಯಾವ ಮನೆಯನ್ನು ಒತ್ತಲಾಯಿತು, ಎಷ್ಟು ಬಿರುಸಾಗಿ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ಸೂಚನೆಗಳು ಮಾತ್ರ ಇರುತ್ತವೆ. ಆ ಸೂಚನೆಗಳಿಗೆ ದನಿ ಕೊಡುವುದು ಗಣಕಯಂತ್ರದಲ್ಲಿರುವ ತಂತ್ರಾಂಶ.

ಈ ಭೇದವು ನಮ್ಮ ನೆಲಕ್ಕೆ ಹೊಸದೇನಲ್ಲ. 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ ಲಕ್ಕಣ್ಣ ದಂಡೇಶ, ಚಾಮರಸ ಮೊದಲಾದವರು ಬಾಳಿದ ದಿನಗಳಲ್ಲಿಯೇ ಚದುರಿಹೋಗಿದ್ದ ವಚನಗಳನ್ನು ಹುಡುಕಿ ಕೂಡಿಸುವ ಕಾಯಕವು ಹುರುಪಿನಿಂದ ನಡೆಯಿತು. ಅನಂತರ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಊರೂರು ಅಲೆದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಇಷ್ಟು ಜನರ ತಪಸ್ಸಿನಿಂದ ನಮಗೆ ಪದಗಳು ಉಳಿದವು. ಸ್ವರವಚನಗಳ ನೆತ್ತಿಯ ಮೇಲೆ ರಾಗದ ಹೆಸರೂ ಉಳಿಯಿತು. ಆದರೆ ಹಾಡಿದ ಕಂಠವನ್ನು ಓಲೆಗರಿ ಉಳಿಸಲಾರದಾಯಿತು. ಅದು ಸೂಚನೆಯನ್ನು ಹೊತ್ತುತಂದಿತು, ದನಿಯನ್ನು ತರಲಿಲ್ಲ. 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ನಾವು ಇಂದಿಗೂ ಕೇಳುತ್ತಿರುವುದು ಯಾರೋ ಅವರ ಮುಂದೆ ಮೈಕು ಇರಿಸಿದ್ದರಿಂದ. ನಮ್ಮ ಊರುಗಳ ಭಜನಾ ಮಂಡಳಿಗಳ ಹಿರಿಯರ ಮುಂದೆ ಆ ಮೈಕನ್ನು ಯಾರು ಇರಿಸಿದ್ದಾರೆ?

ಕಂಪ್ಲಿಯ ಒಂದು ಮನೆಯಲ್ಲಿ ನಡೆದ ಪ್ರಸಂಗವನ್ನು ಇಲ್ಲಿ ಹೇಳಬೇಕು. ಏಕತಾರಿ ಹಿಡಿದು ಸ್ವರವಚನ ಹಾಡುವ ಹಿರಿಯರೊಬ್ಬರ ಕಿವಿಗೆ ಹೆಡ್‌ಫೋನ್ ಇರಿಸಿ, ಮೊದಲೇ ಸಿದ್ಧಪಡಿಸಿದ್ದ ಮಿಡಿ ತಾಳಕ್ಕೆ ಹೊಂದಿಸಿ ಹಾಡಿಸಲು ನಾವು ಯತ್ನಿಸಿದೆವು. ಎರಡನೆಯ ನುಡಿಗೇ ಅವರು ನಿಲ್ಲಿಸಿದರು. “ತಮ್ಮಾ, ನನ್ನ ದನಿ ನನ್ನ ಹಿಂದ ಬರಾಕತ್ತೈತಿ, ಈ ಟಿಕ್ ಟಿಕ್ ನನ್ನ ಮುಂದ ಓಡಾಕತ್ತೈತಿ. ನಾ ಎಲ್ಲಿ ನಿಂದರಲಿ?” ಎಂದರು.

ಅವರ ಮಾತು ಅಕ್ಷರಶಃ ಸತ್ಯವಾಗಿತ್ತು. ಗಣಕಯಂತ್ರದ ಬಫರನ್ನು 1024 ಸ್ಯಾಂಪಲ್‌ಗೆ ಇರಿಸಿದ್ದೆವು. 48,000ದ ಲೆಕ್ಕದಲ್ಲಿ ಅದು ಸುಮಾರು 21 ಮಿಲಿಸೆಕೆಂಡು; ಒಳಹೋಗಿ ಹೊರಬರುವಷ್ಟರಲ್ಲಿ ಅದರ ಇಮ್ಮಡಿ ತಡ. ಬಫರನ್ನು 128ಕ್ಕೆ ಇಳಿಸಿದರೆ ಒಂದು ಕಡೆಯ ತಡ ಮೂರು ಮಿಲಿಸೆಕೆಂಡಿಗಿಂತ ಕಡಿಮೆಯಾಗುತ್ತದೆ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿಯಿದ್ದರೆ ದನಿಯು ಗಣಕಯಂತ್ರವನ್ನು ಬಳಸದೆ ನೇರವಾಗಿ ಕಿವಿಗೆ ಬರುತ್ತದೆ. ಹೀಗೆ ಹಿಂದೆ ಬರುವ ದನಿಗೆ ಪರಿಹಾರವಿತ್ತು. ಮುಂದೆ ಓಡುವ ತಾಳಕ್ಕೆ ಇದ್ದ ಪರಿಹಾರ ಒಂದೇ, ಅದನ್ನು ನಿಲ್ಲಿಸಿದೆವು. ಹಿರಿಯರು ಕಣ್ಮುಚ್ಚಿ ಹಾಡಿದರು. ಮಿಡಿ ಕೀಬೋರ್ಡನ್ನು ಮರುದಿನ ಜೋಡಿಸಿ, ಅವರ ಹಾಡನ್ನು ಕೇಳುತ್ತ ಹಾರ್ಮೋನಿಯಂ ದನಿಯನ್ನು ಕೈಯಿಂದಲೇ ನುಡಿಸಿದೆವು. ಅವರ ಶ್ರುತಿ ಎರಡು ಮನೆಗಳ ನಡುವೆ ನಿಂತಿತ್ತು. ಅರ್ಧಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕದಲ್ಲಿ ತಂತ್ರಾಂಶದ ಶ್ರುತಿಯನ್ನೇ ಅವರತ್ತ ಸರಿಸಿದೆವು. ನುಡಿಸಿದ ಸ್ವರಗಳನ್ನು ತಾಳದ ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸ್ ಎಂಬ ಸೌಲಭ್ಯವನ್ನು ಮುಟ್ಟಲಿಲ್ಲ.

ಇಂದಿನ ಕೇಳುಗರಿಗೆ ತಾಳದ ಅಬ್ಬರ ಬೇಕೆಂದು ಯುವಕರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ಎಳೆಯರನ್ನು ವಚನದತ್ತ ಕರೆತರುವ ಯಾವ ವಾದ್ಯವೂ ಹೀನವಲ್ಲ. ಹಾರ್ಮೋನಿಯಂ ಅನ್ನು ಆಕಾಶವಾಣಿಯು 1940ರಲ್ಲಿ ಹೊರಗಿಟ್ಟು, 1971ರಲ್ಲಿ ಆ ನಿರ್ಬಂಧವನ್ನು ಸಡಿಲಿಸಿತೆಂಬುದನ್ನು ನೆನೆದರೆ ಹೊಸ ವಾದ್ಯಗಳ ಬಗೆಗೆ ನಮಗೆ ವಿನಯವಿರಬೇಕು. ಆದರೆ ಒಂದು ಕ್ರಮವಿದೆ. ಶುದ್ಧವಾಗಿ ಮುದ್ರಿಸಿದ ಕಂಠಕ್ಕೆ ವಾದ್ಯವನ್ನು ನಾಳೆಯೂ ಸೇರಿಸಬಹುದು, ಹತ್ತು ವರ್ಷಗಳ ಬಳಿಕವೂ ಸೇರಿಸಬಹುದು. ಲಿಂಗೈಕ್ಯರಾದವರ ಕಂಠವನ್ನು ವಾದ್ಯಕ್ಕೆ ಸೇರಿಸಲು ಯಾವ ತಂತಿಯಿಂದಲೂ ಆಗದು.

ಆದುದರಿಂದ ನಮ್ಮ ಬಿನ್ನಹವಿದು. ಒಂದು ಸಾಧಾರಣ ಡೈನಮಿಕ್ ಮೈಕು, ಎರಡು ಮೈಕು ಜೋಡಿಸಬಹುದಾದ ಒಂದು ಇಂಟರ್‌ಫೇಸ್ ಸಾಕು. ಈ ಮೈಕಿಗೆ 48 ವೋಲ್ಟ್ ಗುಂಡಿಯ ಅವಶ್ಯಕತೆಯಿಲ್ಲ. ಸಂಡೂರಿನ ಅದಿರು ಲಾರಿಗಳ ಸದ್ದು ಅಡಗಿದ ಹೊತ್ತನ್ನು ಆರಿಸಿಕೊಳ್ಳಿರಿ. ಫ್ಯಾನು ನಿಲ್ಲಿಸಿ, ಗೋಡೆಗೆ ಎರಡು ಕೌದಿಗಳನ್ನು ತೂಗುಹಾಕಿರಿ. ಗುಂಯ್‌ಗುಡುವಿಕೆ ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿರಿ. 24 ಬಿಟ್, 48,000ದಲ್ಲಿ ಒಂದು ಮೈಕಿನ ಒಂದು ಗಂಟೆಯ ಮುದ್ರಣವು ಸುಮಾರು 520 ಎಂಬಿ ಆಗುತ್ತದೆ. ಅದನ್ನು ಎರಡು ಕಡೆ ಕಾಪಿಡಿರಿ. ಹಾಡಿದವರ ಹೆಸರು, ಊರು, ದಿನಾಂಕವನ್ನು ಅವರ ಬಾಯಿಂದಲೇ ಮೊದಲು ಹೇಳಿಸಿರಿ. ಇದಾವುದೂ ಇಲ್ಲದಿದ್ದರೆ ಕೈಯಲ್ಲಿರುವ ಮೊಬೈಲಿನಲ್ಲಾದರೂ ಮುದ್ರಿಸಿರಿ; ಸಾಮಗ್ರಿ ಬರಲೆಂದು ಕಾಯಬೇಡಿರಿ.

ಓಲೆಗರಿಯನ್ನು ಕಾಪಾಡಿದವರು ತಮ್ಮ ಕಾಲದ ಕಾಯಕವನ್ನು ಪೂರೈಸಿ ಹೋದರು. ಕಂಠವನ್ನು ಕಾಪಾಡುವ ಕಾಯಕವು ನಮ್ಮ ಪಾಲಿಗೆ ಬಂದಿದೆ. ಈ ವಾರವೇ ನಿಮ್ಮ ಓಣಿಯ ಹಿರಿಯರೊಬ್ಬರ ಮನೆಗೆ ಹೋಗಿ, ಕೈಮುಗಿದು, “ಹಾಡ್ರೀ ಅಜ್ಜಾರ” ಎನ್ನಿರಿ.