ನಾಯಿ ಬಿಡದೆ ಕೆಮ್ಮುತ್ತಿದೆಯೇ? ಗಂಟಲಲ್ಲಿ ಮೂಳೆಯೇ ಸಿಕ್ಕಿರಬೇಕೆಂದಿಲ್ಲ

ಸಾಕುನಾಯಿ ಕತ್ತು ಮುಂದಕ್ಕೆ ಚಾಚಿ ಜೋರಾಗಿ ಕೆಮ್ಮುತ್ತದೆ. ಕೊನೆಗೆ ವಾಂತಿ ಬಂದಂತೆ ಓಕರಿಸಿ ಒಂದಿಷ್ಟು ಬಿಳಿ ನೊರೆ ಕಾರುತ್ತದೆ. ಇದನ್ನು ನೋಡಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ." ಅದರ ಹಿಂದೆಯೇ ಸಲಹೆಗಳು ಬರುತ್ತವೆ. ಅನ್ನದ ಉಂಡೆ ನುಂಗಿಸಿ, ಬಾಳೆಹಣ್ಣು ಕೊಡಿ, ಎಣ್ಣೆ ಕುಡಿಸಿ, ಬಾಯಿಗೆ ಕೈ ಹಾಕಿ ತೆಗೆದುಬಿಡಿ.

ಈ ಊಹೆ ಬಹಳ ಸಲ ತಪ್ಪಾಗಿರುತ್ತದೆ. ತಪ್ಪಾದಾಗ ನಾಯಿಗೆ ಸಿಗಬೇಕಾದ ಚಿಕಿತ್ಸೆ ತಡವಾಗುತ್ತದೆ. ಕೊನೆಯ ಸಲಹೆಯಂತೂ ಕೆಲವೊಮ್ಮೆ ಮನುಷ್ಯರ ಜೀವಕ್ಕೇ ಕುತ್ತು ತರಬಲ್ಲದು.

ಮೂಳೆ ಸಿಕ್ಕಿದರೆ ಹೇಗಿರುತ್ತದೆ?

ಮೂಳೆ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ತಿನ್ನುವಾಗ ಅಥವಾ ಏನನ್ನಾದರೂ ಕಚ್ಚಿ ಆಡುವಾಗ, ಇದ್ದಕ್ಕಿದ್ದಂತೆ. ನಾಯಿ ಗಾಬರಿಯಾಗುತ್ತದೆ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ. ಉಸಿರಿನ ದಾರಿ ಪೂರ್ತಿ ಮುಚ್ಚಿಹೋದರೆ ಕೆಮ್ಮಿನ ಸದ್ದೇ ಬರುವುದಿಲ್ಲ. ಒಸಡು ನೀಲಿಯಾಗಿ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ನಾಲ್ಕೈದು ದಿನದಿಂದ ಆಗಾಗ ಕೆಮ್ಮುತ್ತಾ, ನಡುವೆ ಊಟ ಮಾಡಿ ಓಡಾಡಿಕೊಂಡಿರುವ ನಾಯಿಯಲ್ಲಿ ಬೇರೆ ಕಾರಣವೇ ಇರುವ ಸಾಧ್ಯತೆ ಹೆಚ್ಚು.

ಕೆಮ್ಮು ಒಂದೇ, ಕಾರಣ ಹಲವು

ಕೆಮ್ಮು ರೋಗವಲ್ಲ, ರೋಗದ ಸೂಚನೆ. ಅದರ ಮೂಲ ಗಂಟಲಲ್ಲಿ, ಶ್ವಾಸನಾಳದಲ್ಲಿ, ಶ್ವಾಸಕೋಶದಲ್ಲಿ, ಹೃದಯದಲ್ಲಿಯೂ ಇರಬಹುದು. ಮುಖ್ಯವಾದ ಕೆಲವನ್ನು ನೋಡೋಣ.

ಮೊದಲನೆಯದು ಕೆನೆಲ್ ಕಾಫ್ ಎಂಬ ಅಂಟು ಕೆಮ್ಮು. ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮತ್ತು ಪ್ಯಾರಾಇನ್‌ಫ್ಲುಯೆಂಜಾದಂಥ ವೈರಸ್‌ಗಳು ಇದಕ್ಕೆ ಕಾರಣ. ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದರೆ, ಅಥವಾ ಅದು ಬೇರೆ ನಾಯಿಗಳ ಜೊತೆ ಬೆರೆತಿದ್ದರೆ, 2ರಿಂದ 14 ದಿನಗಳೊಳಗೆ ಒಣ ಕೆಮ್ಮು ಶುರುವಾಗಬಹುದು. ಕೆಮ್ಮಿನ ಕೊನೆಗೆ ಓಕರಿಕೆ, ನೊರೆ ಬರುವುದರಿಂದಲೇ ಇದನ್ನು ಮೂಳೆ ಎಂದುಕೊಳ್ಳುವವರು ಬಹಳ. ಆರೋಗ್ಯವಂತ ನಾಯಿಯಲ್ಲಿ ಇದು ಒಂದರಿಂದ ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮರಿಗಳಲ್ಲಿ ಮತ್ತು ವಯಸ್ಸಾದ ನಾಯಿಗಳಲ್ಲಿ ನ್ಯುಮೋನಿಯಾಕ್ಕೆ ತಿರುಗಬಹುದು. ಇದಕ್ಕೆ ಲಸಿಕೆ ಇದೆ.

ಎರಡನೆಯದು ಶ್ವಾಸನಾಳ ಕುಸಿಯುವ ತೊಂದರೆ. ಶ್ವಾಸನಾಳವನ್ನು ತೆರೆದಿಡುವುದು ಮೆದುಮೂಳೆಯ ಬಳೆಗಳು. ಪಮೇರಿಯನ್, ಯಾರ್ಕ್‌ಶೈರ್ ಟೆರಿಯರ್‌ನಂಥ ಸಣ್ಣ ತಳಿಗಳಲ್ಲಿ ಈ ಬಳೆಗಳು ಸಡಿಲವಾಗಿ ನಾಳ ಚಪ್ಪಟೆಯಾಗುತ್ತದೆ. ಖುಷಿಯಾಗಿ ಕುಣಿಯುವಾಗ, ನೀರು ಕುಡಿಯುವಾಗ, ಕತ್ತಿನ ಪಟ್ಟಿ ಎಳೆದಾಗ ಬಾತುಕೋಳಿ ಕೂಗಿದಂಥ ಕೆಮ್ಮು ಬರುತ್ತದೆ. ಕತ್ತಿನ ಪಟ್ಟಿಯ ಬದಲು ಎದೆಯನ್ನು ಬಳಸಿ ಕಟ್ಟುವ ಹಾರ್ನೆಸ್ ಹಾಕುವುದು, ತೂಕ ಇಳಿಸುವುದು ಇಲ್ಲಿ ನಿಜಕ್ಕೂ ನೆರವಾಗುತ್ತವೆ.

ಮೂರನೆಯದು ಹೃದಯದ ಕಾಯಿಲೆ. ವಯಸ್ಸಾದ ಸಣ್ಣ ತಳಿಯ ನಾಯಿಗಳಲ್ಲಿ ಹೃದಯದ ಎಡಭಾಗದ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಹೃದಯ ಹಿಗ್ಗುತ್ತದೆ, ಮುಂದೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಡಾಬರ್‌ಮನ್‌ನಂಥ ದೊಡ್ಡ ತಳಿಗಳಲ್ಲಿ ಹೃದಯದ ಸ್ನಾಯುವೇ ದುರ್ಬಲವಾಗುವುದುಂಟು. ರಾತ್ರಿ ಕೆಮ್ಮು, ಬೇಗ ದಣಿವು, ಮಲಗಿದಾಗಲೂ ವೇಗದ ಉಸಿರು ಇದ್ದರೆ "ವಯಸ್ಸಾಯಿತು ಬಿಡಿ" ಎಂದು ಸುಮ್ಮನಿರಬಾರದು. ಕವಾಟದ ಕಾಯಿಲೆಯಿಂದ ಹೃದಯ ಹಿಗ್ಗಿದ್ದ, ಆದರೆ ಹೃದಯ ವೈಫಲ್ಯ ಇನ್ನೂ ಆಗಿರದ 360 ನಾಯಿಗಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪಿಮೊಬೆಂಡನ್ ಎಂಬ ಔಷಧ ವೈಫಲ್ಯದ ಹಂತವನ್ನು ಸುಮಾರು 15 ತಿಂಗಳು ಮುಂದೂಡಿತೆಂದು ಅದರಲ್ಲಿ ಕಂಡುಬಂತು. ನಾಯಿಯ ಆಯುಷ್ಯದಲ್ಲಿ ಅದು ಸಣ್ಣ ಕಾಲವಲ್ಲ.

ನಾಲ್ಕನೆಯದು ಡಿಸ್ಟೆಂಪರ್. ಲಸಿಕೆ ಹಾಕಿಸದ ಮರಿ ಕೆಮ್ಮುವುದರ ಜೊತೆಗೆ ಕಣ್ಣು ಮೂಗಿನಿಂದ ಗಟ್ಟಿ ಸ್ರಾವ, ಜ್ವರ, ಭೇದಿ ಇದ್ದರೆ ಈ ವೈರಸ್ ರೋಗವನ್ನು ಮೊದಲು ಅನುಮಾನಿಸಬೇಕು. ಮುಂದೆ ಮೈ ಅದುರುವುದು, ಫಿಟ್ಸ್ ಬರುವುದು ಇದೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲದ ಕಾರಣ ಲಸಿಕೆಯೇ ದಾರಿ.

ಇವಲ್ಲದೆ ಸೊಳ್ಳೆಯಿಂದ ಹರಡುವ ಹೃದಯದ ಹುಳು, ನ್ಯುಮೋನಿಯಾ, ಎರಡು ತಿಂಗಳಿಗೂ ಮೀರಿ ಕಾಡುವ ಬ್ರಾಂಕೈಟಿಸ್, ಶ್ವಾಸಕೋಶದ ಗಡ್ಡೆಗಳೂ ಕೆಮ್ಮು ತರುತ್ತವೆ. ಸಿಗರೇಟು, ಸೊಳ್ಳೆಬತ್ತಿ, ಊದುಬತ್ತಿಯ ಹೊಗೆ ಇದ್ದ ಕೆಮ್ಮನ್ನು ಹೆಚ್ಚಿಸಬಲ್ಲದು.

ಕೆಮ್ಮಿನಂತೆ ಕಂಡರೂ ಕೆಮ್ಮಲ್ಲ

ಕೆಲವು ನಾಯಿಗಳು ನಿಂತಲ್ಲೇ ಮೂಗಿನಿಂದ 'ಸೊರ್ ಸೊರ್' ಎಂದು ಗಾಳಿಯನ್ನು ಒಳಕ್ಕೆ ಎಳೆಯುತ್ತವೆ. ಇದು ಹಿಮ್ಮುಖ ಸೀನು. ನೋಡಲು ಭಯವಾದರೂ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ಅಪಾಯವಿಲ್ಲ.

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ನಾಯಿ ಮತ್ತೆ ಮತ್ತೆ ಓಕರಿಸಿದರೂ ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬುತ್ತಿದೆ ಎಂದರೆ ಹೊಟ್ಟೆಯೇ ತಿರುಚಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ರೇಬೀಸ್. ರೇಬೀಸ್ ಬಂದ ನಾಯಿ ಎಂದರೆ ಅಟ್ಟಿಸಿಕೊಂಡು ಕಚ್ಚುವ ನಾಯಿ ಎಂದೇ ನಮ್ಮ ಕಲ್ಪನೆ. ಆದರೆ ಈ ರೋಗದ ಇನ್ನೊಂದು ರೂಪದಲ್ಲಿ ದವಡೆ ಮತ್ತು ಗಂಟಲಿನ ಸ್ನಾಯುಗಳಿಗೆ ಲಕ್ವ ಹೊಡೆಯುತ್ತದೆ. ಬಾಯಿ ಜೋತುಬೀಳುತ್ತದೆ, ಜೊಲ್ಲು ಸೋರುತ್ತದೆ, ನುಂಗಲಾಗುವುದಿಲ್ಲ, ಬೊಗಳುವ ದನಿ ಬದಲಾಗುತ್ತದೆ. ನೋಡಿದವರಿಗೆ ಮೂಳೆ ಸಿಕ್ಕಿಕೊಂಡಂತೆಯೇ ಕಾಣುತ್ತದೆ. ಪಾಪ ಎಂದು ಬಾಯಿಗೆ ಕೈ ಹಾಕಿದವರ ಬೆರಳಿನ ಸಣ್ಣ ಗಾಯದಿಂದಲೂ ಜೊಲ್ಲಿನಲ್ಲಿರುವ ವೈರಸ್ ಒಳಸೇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ. 36ರಷ್ಟು ಭಾರತದಲ್ಲೇ ಆಗುತ್ತವೆ. ಮನುಷ್ಯರಲ್ಲಿ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

ಆದ್ದರಿಂದ ಗೊತ್ತಿಲ್ಲದ ನಾಯಿಯ, ಲಸಿಕೆ ಆಗದ ನಾಯಿಯ ಬಾಯಿಗೆ ಕೈ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಿ. ಹಾಗೆಂದು ಕೆಮ್ಮುವ ನಾಯಿಗೆಲ್ಲ ರೇಬೀಸ್ ಎಂದು ಹೆದರಬೇಕಿಲ್ಲ. ಲಸಿಕೆ ಹಾಕಿಸಿಕೊಂಡು, ಚೆನ್ನಾಗಿ ತಿನ್ನುತ್ತಾ ವಾರಗಟ್ಟಲೆ ಕೆಮ್ಮುತ್ತಿರುವ ನಾಯಿಯ ತೊಂದರೆ ಬೇರೆ.

ಮನೆಮದ್ದು ಬೇಡವೇ?

ಬಾಯಿಗೆ ಬಲವಂತವಾಗಿ ಸುರಿದ ಎಣ್ಣೆ, ಕಷಾಯ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನಾವು ನುಂಗುವ ಮಾತ್ರೆ, ಕೆಮ್ಮಿನ ಸಿರಪ್ಪನ್ನು "ಸ್ವಲ್ಪವೇ ಕೊಟ್ಟರಾಯಿತು" ಎಂದು ಕೊಡುವುದೂ ಅಪಾಯ. ಪ್ಯಾರಸಿಟಮಾಲ್ ನಾಯಿಯ ಯಕೃತ್ತು ಮತ್ತು ರಕ್ತಕಣಗಳಿಗೆ, ಐಬುಪ್ರೊಫೇನ್ ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಸಕ್ಕರೆರಹಿತ ಸಿರಪ್‌ಗಳಲ್ಲಿ ಕೆಲವೊಮ್ಮೆ ಇರುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ.

ನಿಮ್ಮ ಮೊಬೈಲ್ ಇಲ್ಲಿ ಉಪಯೋಗಕ್ಕೆ ಬರುತ್ತದೆ

ಆಸ್ಪತ್ರೆಯ ಮೇಜಿನ ಮೇಲೆ ನಿಲ್ಲಿಸಿದಾಗ ನಾಯಿ ಕೆಮ್ಮದೇ ಇರಬಹುದು. ಮನೆಯಲ್ಲಿ ಕೆಮ್ಮುವಾಗ ಒಂದು ವಿಡಿಯೋ ಮಾಡಿಕೊಳ್ಳಿ. ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ, ಏನು ಮಾಡುವಾಗ ಕೆಮ್ಮುತ್ತದೆ ಎಂದು ಬರೆದಿಡಿ. ಲಸಿಕೆಯ ಪುಸ್ತಕ ಜೊತೆಗಿರಲಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ನಾಯಿ ಗಾಢ ನಿದ್ದೆಯಲ್ಲಿರುವಾಗ ಅದರ ಎದೆ ಒಂದು ನಿಮಿಷದಲ್ಲಿ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ. ಒಂದು ಏರಿಳಿತ ಎಂದರೆ ಒಂದು ಉಸಿರು. ಮತ್ತೆ ಮತ್ತೆ ಎಣಿಸಿದಾಗಲೂ 30 ದಾಟುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಒಸಡು ನೀಲಿ ಅಥವಾ ಬಿಳುಚಿದ್ದರೆ, ಏದುಸಿರಿದ್ದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಕುಸಿದು ಬಿದ್ದರೆ ಕೂಡಲೇ ಹೊರಡಿ. ಇವು ಯಾವುವೂ ಇಲ್ಲದೆ ಊಟ, ಆಟ ಸರಿಯಾಗಿದ್ದರೂ ಕೆಮ್ಮು ವಾರ ದಾಟಿದರೆ ಒಮ್ಮೆ ತೋರಿಸುವುದು ಒಳ್ಳೆಯದು.

"ಮೂಳೆ ಸಿಕ್ಕಿದೆ, ಬಾಳೆಹಣ್ಣು ಕೊಡಿ" ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಕೆಮ್ಮು ಎಷ್ಟು ದಿನದಿಂದ ಇದೆ? ನಾಯಿ ನುಂಗುತ್ತಿದೆಯೇ? ಲಸಿಕೆ ಆಗಿದೆಯೇ?